ಬಣ್ಣ ಬಿಟ್ಟ ಮರ

ಜನವರಿ 8

ಪುಟ್ಟಿ,

ಈ ಮನೆಯಲ್ಲಿರುವ ಇಬ್ಬರು ಗಂಡಸರೂ ಎಂಟು ಮೀನುಗಳೂ ಹೊತ್ತುಹೊತ್ತಿಗೆ ತಿಂದುಕೊಂಡು ಚೆನ್ನಾಗಿದ್ದೇವೆ. ನೀನು ಆ ದೂರದೂರಿನ ಆಸ್ಪತ್ರೆಯ ಕೆಲಸಕ್ಕೆ ಹೋಗಿ ಎರಡು ತಿಂಗಳಾಯಿತು. ಫೋನ್ ಮಾಡಿ ಅಪ್ಪ ಎನ್ನುತ್ತೀಯ. ನಲವತ್ತು ವರ್ಷ ಮರ ಉಜ್ಜುವ ಯಂತ್ರದ ಪಕ್ಕದಲ್ಲಿ ನಿಂತ ಕಿವಿ ಇದು. ನೀನು ಅಲ್ಲಿಂದ ಕೂಗಿ, ನಾನು ಇಲ್ಲಿಂದ ಕೂಗಿ, ಕೊನೆಗೆ ಎದುರು ಮನೆಯವರು ಬಾಗಿಲು ತಟ್ಟಿ "ಏನಾಯ್ತು ಸ್ವಾಮಿ?" ಎಂದು ಕೇಳುವುದು ಬೇಡ. ಮೆಸೇಜು ಒತ್ತೋಣವೆಂದರೆ ನನ್ನ ಒಂದು ಬೆರಳಿಗೆ ಮೂರು ಅಕ್ಷರ ಸಿಕ್ಕಿಬೀಳುತ್ತವೆ. ಕಾಗದವೇ ವಾಸಿ.

ವಿಷಯಕ್ಕೆ ಬರುತ್ತೇನೆ. ಹೋದ ವಾರ ಹೊಳೆಯ ಕಡೆ ನಡೆದುಹೋಗಿದ್ದೆ. ದಡದಲ್ಲಿ ಒಂದು ಬೇರು ಬಿದ್ದಿತ್ತು. ಎಲ್ಲಿಂದಲೋ ತೇಲಿ ಬಂದು, ತೊಗಟೆಯೆಲ್ಲ ಉದುರಿ, ಮೊಳದುದ್ದ ಇತ್ತು. ಅದರ ತಿರುವು ನೋಡಬೇಕಿತ್ತು ನೀನು. ಯಾವ ಬಡಗಿಯ ಕೈಯಲ್ಲೂ ಆಗದ ಕೆಲಸ. ನಮ್ಮ ಪುಟ್ಟಿಯ ಮೀನಿನ ತೊಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಹೊತ್ತು ತಂದು, ತೊಳೆದು, ನೀರಿಗೆ ಇಳಿಸಿದೆ. ನಿನ್ನ ಆ ಮುದಿ ಮೀನು, ಮೀಸೆ ತಾತ, ಐದೇ ನಿಮಿಷದಲ್ಲಿ ಅದರ ಕೆಳಗೆ ನುಸುಳಿ ಮನೆ ಮಾಡಿಕೊಂಡಿತು.

ಆದರೆ ಆ ಬೇರು ಬಣ್ಣ ಬಿಡುತ್ತಿದೆ. ಮೊದಲ ದಿನ ನೀರು ತಿಳಿಹಳದಿ, ಮೂರನೆಯ ದಿನಕ್ಕೆ ಹಾಲು ಹಾಕದ ಚಹಾ. ಈಗ ಹಿಂದಿನ ಗೋಡೆಯೂ ಕಾಣುತ್ತಿಲ್ಲ. ಅಳಿಯಂದಿರು ನೋಡಿ, "ಮಾವ, ಅವಳನ್ನ ಒಂದ್ಮಾತು ಕೇಳಿ" ಎಂದರು. ಅವರಿಗೆ ಕನ್ನಡಕದ ಗಾಜು ಗೊತ್ತು, ಮರ ಗೊತ್ತಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟು ಕೇಳುತ್ತಿದ್ದೇನೆಯೇ ಹೊರತು ಗೊತ್ತಿಲ್ಲದೆ ಕೇಳುತ್ತಿಲ್ಲ. ಬಣ್ಣ ಬಿಡುವ ಮರದ ಬಾಯಿ ಮುಚ್ಚಿಸುವುದೇ ನನ್ನ ಕಸುಬಾಗಿತ್ತು. ನೀನು ಉತ್ತರ ಬರೆಯುವಷ್ಟರಲ್ಲಿ ನಾನೇ ಏನಾದರೂ ಮಾಡಿರುತ್ತೇನೆ, ಯೋಚಿಸಬೇಡ.

ನಿನ್ನ ಅಪ್ಪ

ಜನವರಿ 17

ಅಪ್ಪ,

ನಿಮ್ಮ ಕಾಗದವನ್ನು ವಾರ್ಡಿನಲ್ಲೇ ಒಡೆದು ಓದಿ ಒಬ್ಬಳೇ ನಕ್ಕೆ. ಮೂರನೇ ಮಂಚದ ಅಜ್ಜಿ, "ಏನಮ್ಮ ಸಿಸ್ಟರ್, ಗಂಡ ಬರ್ದಿದ್ದಾ?" ಎಂದರು. ಅಲ್ಲ, ಅಪ್ಪ ಎಂದೆ. ಅವರಿಗೆ ನಿರಾಸೆಯಾಯಿತು.

ಗಾಬರಿಯಾಗಬೇಡಿ. ಹೊಸ ಬೇರು ಹಾಕಿದರೆ ನೀರು ಕಂದಾಗುವುದೇ. ಚಹಾ ಎಲೆಯ ಬಣ್ಣದ ಹಾಗೆಯೇ ಅದೂ. ಮೀನಿಗೆ ಏನೂ ಆಗುವುದಿಲ್ಲ, ತಾತನಿಗಂತೂ ಅಂಥ ನೀರೇ ಇಷ್ಟ. ಕಣ್ಣಿಗೆ ಚೆನ್ನಾಗಿ ಕಾಣದು ಎನ್ನುವುದು ನಮ್ಮ ತೊಂದರೆ, ಅವುಗಳದ್ದಲ್ಲ. ನಿಮಗೆ ಸರಿಬರದಿದ್ದರೆ ಬೇರನ್ನು ತೆಗೆದು ದೊಡ್ಡ ಪಾತ್ರೆಯಲ್ಲಿ ಎರಡು ಗಂಟೆ ಕುದಿಸಿ, ಆ ನೀರು ಚೆಲ್ಲಿ, ಮತ್ತೆ ಕುದಿಸಿ. ಆಮೇಲೆ ಬಕೆಟ್ಟಿನಲ್ಲಿ ಎರಡು ಮೂರು ವಾರ ನೆನೆಹಾಕಿ, ದಿನಾ ನೀರು ಬದಲಿಸುತ್ತಿರಿ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಕಾಲುಭಾಗ ತೆಗೆದು ಹೊಸದು ಹಾಕಿ. ಆದರೆ ಒಂದು ದಿನ ಹಿಡಿದಿಟ್ಟ ನೀರನ್ನೇ ಹಾಕಬೇಕು. ನಲ್ಲಿಯದ್ದನ್ನು ನೇರವಾಗಿ ಸುರಿದರೆ ಕ್ಲೋರಿನ್ ತಾಗುತ್ತದೆ. ಫಿಲ್ಟರಿಗೆ ಹಾಕುವ ಇದ್ದಿಲಿನ ಚೀಲ ಅಡುಗೆಮನೆಯ ಕಪಾಟಿನಲ್ಲಿದೆ, ಅದೂ ಬಣ್ಣ ಹೀರುತ್ತದೆ. ಇಷ್ಟಾದ ಮೇಲೂ ಸ್ವಲ್ಪ ಕಂದು ಉಳಿದರೆ ಉಳಿಯಲಿ ಬಿಡಿ.

ಮುಖ್ಯವಾದ ಮಾತು: ಅದಕ್ಕೆ ಏನನ್ನೂ ಬಳಿಯಬೇಡಿ. ನಿಮ್ಮ ಡಬ್ಬಗಳು ಮುಚ್ಚಿದಂತೆಯೇ ಇರಲಿ. ನನ್ನ ಸ್ಲೇಟಿನ ಕಟ್ಟಿಗೂ ಪಾಲಿಶ್ ಹೊಡೆದ ಪುಣ್ಯಾತ್ಮರು ನೀವು, ನಿಮ್ಮ ಕೈ ಸುಮ್ಮನಿರದು.

ನಿಮ್ಮ ಅಳಿಯಂದಿರಿಗೆ ನಾನು ಫೋನ್ ಮಾಡಿ ಮೂರು ವಾರವಾಯಿತು. ಅವರೂ ಮಾಡಿಲ್ಲ. ಏಪ್ರಿಲ್ ಕೊನೆಗೆ ಇಲ್ಲಿನ ಕೆಲಸ ಮುಗಿಯುತ್ತದೆ. ಆ ಮನೆಗೆ ವಾಪಸು ಬರಬೇಕೋ ಬೇಡವೋ ಎನ್ನುವುದು ಇನ್ನೂ ನಿರ್ಧಾರವಾಗಿಲ್ಲ ಅಪ್ಪ. ಎರಡು ವರ್ಷದ ಹಿಂದೆ ಆ ಮಧ್ಯಾಹ್ನ ನಾನು ನೋವಿನಲ್ಲಿ ಫೋನ್ ಮಾಡಿದಾಗ, ಗಿರಾಕಿಯ ಗಾಜು ಕೊರೆಯುತ್ತಿದ್ದೇನೆ, ಅರ್ಧ ಗಂಟೆ ಎಂದವರು ಎರಡು ಗಂಟೆ ಬಿಟ್ಟು ಬಂದರು. ಬೇಗ ಬಂದಿದ್ದರೂ ಮಗು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ನರ್ಸಾಗಿ ನನಗೂ ಗೊತ್ತು. ಗೊತ್ತಿದ್ದರೂ ಎದೆಗೆ ಇಳಿಯುವುದಿಲ್ಲ. ಈಗೀಗ ಬರೋಣ ಎನ್ನುವ ಕಡೆಗೇ ಮನಸ್ಸು ಸ್ವಲ್ಪ ವಾಲಿದೆ. ಇದನ್ನು ಅವರಿಗೆ ಹೇಳಬೇಡಿ.

ಪುಟ್ಟಿ

ಜನವರಿ 24

ಪುಟ್ಟಿ,

ಇದು ಚಿಕ್ಕ ಕಾಗದ. ಮೀನುಗಳು ಹೋದವು. ಎಂಟೂ ಹೋದವು. ಕೊನೆಗೆ ಹೋದದ್ದು ತಾತ.

ನಿನ್ನ ಕಾಗದ ನಿನ್ನೆ ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಹೇಗಾಯಿತು ಎಂದು ಕೇಳುತ್ತೀಯ. ಮಂಗಳವಾರ ಸಂಜೆ ಅಳಿಯಂದಿರು ಅಂಗಡಿಯಿಂದ ಬಂದವರೇ ಬಕೆಟ್ಟು ಹಿಡಿದು ಅರ್ಧ ತೊಟ್ಟಿ ಖಾಲಿ ಮಾಡಿ, ನಲ್ಲಿ ನೀರನ್ನೇ ನೇರವಾಗಿ ಸುರಿದರು. ಬುಧವಾರ ಬೆಳಿಗ್ಗೆ ನೋಡಿದರೆ ಏಳು ಮೇಲೆ ತೇಲುತ್ತಿದ್ದವು, ಮಧ್ಯಾಹ್ನ ತಾತನೂ ಹೋಯಿತು. ಕ್ಲೋರಿನ್ ವಿಷಯ ನೀನೇ ಬರೆದಿದ್ದೀಯಲ್ಲ.

ಹೆಚ್ಚು ಏನು ಬರೆಯಲಿ. ಅವರನ್ನು ಬೈಯಬೇಡ, ಬೇಕೆಂದು ಮಾಡಿದ್ದಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ

ಫೆಬ್ರವರಿ 1

ಅಪ್ಪ,

ಕಾಗದ ಓದಿದ ತಕ್ಷಣ ಅವರಿಗೆ ಫೋನ್ ಮಾಡಿದೆ. "ತೊಟ್ಟಿಗೆ ನಲ್ಲಿ ನೀರು ಸುರಿದಿದ್ದು ನೀವೇನಾ?" ಎಂದೆ. "ಹೌದು" ಎಂದರು. "ಅದ್ರಿಂದಾನೇ ಎಲ್ಲ ಸತ್ತಿದ್ದಾ?" ಎಂದೆ. ಆ ಕಡೆ ಏನನ್ನೋ ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ "ಹೌದು, ನಾನೇ" ಎಂದರು. ಒಂದು ಕಾರಣ ಇಲ್ಲ, ತಪ್ಪಾಯ್ತು ಎನ್ನುವ ಮಾತಿಲ್ಲ. ಗಿರಾಕಿಗೆ ಬೆಲೆ ಹೇಳಿದ ಹಾಗೆ ಹೇಳಿ ಸುಮ್ಮನಾದರು.

ನಾನು ಸುಮ್ಮನಾಗಲಿಲ್ಲ. ಒಂದು ಮಾತು ಅಂದೆ. ಅದನ್ನು ನಿಮಗೆ ಬರೆಯಲಾರೆ. ಅಂದಿದ್ದಕ್ಕೆ ನನಗೆ ಬೇಸರವೂ ಇಲ್ಲ.

ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದ ಮೇಲೆ ಎಷ್ಟು ತಿಂಗಳು ಆ ತೊಟ್ಟಿಯ ಮುಂದೆ ಕೂತಿದ್ದೆ ಎಂದು ನೀವು ಕಂಡಿದ್ದೀರಿ. ತಾತನಿಗೆ ಕಾಳು ಹಾಕಬೇಕಲ್ಲ ಎಂದೇ ಎಷ್ಟೋ ಬೆಳಿಗ್ಗೆ ಹಾಸಿಗೆ ಬಿಟ್ಟು ಎದ್ದಿದ್ದೇನೆ. ಮದುವೆಯಾದ ವರ್ಷ ಅದನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಎದೆಗವಚಿಕೊಂಡು ತಂದವರು ಅವರೇ. ಈಗ ಕೊಂದವರೂ ಅವರೇ. ನೀವೊಬ್ಬರಾದರೂ ಮುಚ್ಚಿಡದೆ ನಿಜ ಬರೆದಿರಲ್ಲ, ಅಷ್ಟು ಸಾಕು ನನಗೆ.

ಪುಟ್ಟಿ

ಫೆಬ್ರವರಿ 11

ಪುಟ್ಟಿ,

ಸ್ನಾನದ ಮನೆಯ ನಲ್ಲಿ ಸೋರುತ್ತಿತ್ತು, ರಿಪೇರಿ ಮಾಡಿಸಿದೆವು. ನನ್ನ ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಈಗ ಎಲ್ಲರ ಮಾತಿಗಿಂತ ಫ್ಯಾನಿನ ಮಾತೇ ಜೋರಾಗಿ ಕೇಳಿಸುತ್ತದೆ. ಎದುರು ಮನೆಯವರು ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದಾರೆ. ಕೆಳಗಿನ ಕೋಟು ಸರಿಯಾಗಿ ಒಣಗಿಸಿಲ್ಲ, ಗುಳ್ಳೆ ಏಳುವುದು ಖಂಡಿತ.

ಅಳಿಯಂದಿರು ತೊಟ್ಟಿಯನ್ನು ತೊಳೆದು ಒರೆಸಿ, ಅದೇ ಮೇಜಿನ ಮೇಲೆ ಖಾಲಿ ಇಟ್ಟಿದ್ದಾರೆ. ಅಂಗಡಿಯಿಂದ ಬಂದ ಮೇಲೆ ಒಂದು ಸಲ ಅದರ ಗಾಜಿನ ಮೇಲೆ ಬೆರಳಾಡಿಸಿ ಒಳಗೆ ಹೋಗುತ್ತಾರೆ. ನನಗೆ ತಟ್ಟೆ ಹಾಕಿ, ತಾವು ಆಮೇಲೆ ಉಣ್ಣುತ್ತಾರೆ. ಅವರು ಕೆಟ್ಟವರಲ್ಲ ಪುಟ್ಟಿ. ಆ ಬೇರಿನ ತಪ್ಪೂ ಒಂದಿಷ್ಟು ಇದ್ದಿರಬಹುದು. ಯಾವುದು ಎಷ್ಟು ಎಂದು ಯಾರು ಅಳೆದು ಹೇಳಬಲ್ಲರು?

ನೀನು ಅವರಿಗೆ ಏನು ಅಂದೆಯೋ ನನಗೆ ಗೊತ್ತಿಲ್ಲ. ಇನ್ನೊಂದು ಸಲ ಫೋನ್ ಮಾಡಿ ನೋಡು.

ನಿನ್ನ ಅಪ್ಪ

ಫೆಬ್ರವರಿ 19

ಅಪ್ಪ,

ನೀವು ಅವರನ್ನು ವಹಿಸಿಕೊಂಡು ಬರೆಯುವುದು ನನಗೆ ಅರ್ಥವಾಗುತ್ತದೆ. ಅವರ ಮನೆಯಲ್ಲಿದ್ದೀರಿ, ಅವರು ಹಾಕಿದ ತಟ್ಟೆಯಲ್ಲಿ ಉಣ್ಣುತ್ತಿದ್ದೀರಿ. ಆದರೆ ಬೇರಿನ ತಪ್ಪು ಎಂದರೇನು? ಬೇರು ಬಣ್ಣ ಬಿಡುತ್ತದೆ, ಕೊಲ್ಲುವುದಿಲ್ಲ ಎಂದು ಬರೆದಿದ್ದೆನಲ್ಲ. ದಾಕ್ಷಿಣ್ಯಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ.

ಇಲ್ಲಿ ಇನ್ನೊಂದು ವರ್ಷ ಉಳಿಯಲು ಅರ್ಜಿ ಕೊಟ್ಟಿದ್ದೇನೆ. ಮೇಟ್ರನ್ ಒಪ್ಪಿದ್ದಾರೆ, ಮಾರ್ಚ್ ಹತ್ತಕ್ಕೆ ಸಹಿ. ಆಮೇಲೆ ಎರಡು ಕೋಣೆಯ ಮನೆ ಹಿಡಿಯುತ್ತೇನೆ, ನೀವೂ ಬಂದುಬಿಡಿ. ಅಲ್ಲಿಗೆ ಆ ಮನೆಯ ಋಣ ಮುಗಿಯಿತು ಎಂದುಕೊಂಡಿದ್ದೇನೆ.

ನನ್ನ ಸಾಮಾನು ಕಟ್ಟಿ ಕಳಿಸಬೇಕು. ಬೀರುವಿನ ಮೇಲಿನ ಎರಡು ಅರೆಗಳ ಬಟ್ಟೆ, ನರ್ಸಿಂಗ್ ಪುಸ್ತಕಗಳು, ಅಮ್ಮನ ಫೋಟೊ, ಹೊಲಿಗೆ ಡಬ್ಬಿ, ಕಪ್ಪು ಚಪ್ಪಲಿ. ಮದುವೆಯ ಆಲ್ಬಮ್ ಬೇಡ.

ಪುಟ್ಟಿ

ಫೆಬ್ರವರಿ 26

ಪುಟ್ಟಿ,

ಈ ಕಾಗದ ಕೈಗೆ ಬಂದ ಮೇಲೆ ನೀನು ಯಾವುದಕ್ಕೂ ಸಹಿ ಹಾಕಬೇಡ. ಮೊದಲು ಪೂರ್ತಿ ಓದು.

ಮೀನುಗಳನ್ನು ಕೊಂದವನು ನಾನು.

ನಿನಗೆ ಮೊದಲ ಕಾಗದ ಹಾಕಿದ ನಾಲ್ಕನೆಯ ದಿನವೇ ಬೇರನ್ನು ತೆಗೆದು ಬಾಲ್ಕನಿಯಲ್ಲಿ ಬಿಸಿಲಿಗಿಟ್ಟೆ. ನೀನು ಏನು ಹೇಳುತ್ತೀಯೋ ಕಾಯುವ ವ್ಯವಧಾನ ನನಗೆಲ್ಲಿತ್ತು? ಬಣ್ಣ ಬಿಡುವ ಹಲಗೆಗೆ ಮೊದಲು ಮರದ ರಂಧ್ರ ಮುಚ್ಚುವ ಸೀಲರ್, ಆಮೇಲೆ ಮಿಕ್ಕಿದ್ದು ಎಂದು ಕಾರ್ಖಾನೆಯಲ್ಲಿ ಎಷ್ಟು ಜನಕ್ಕೆ ಕಲಿಸಿದ್ದೇನೋ ಲೆಕ್ಕವಿಲ್ಲ. ಮೂರು ದಿನ ಒಣಗಿಸಿ, ಉಜ್ಜಿ, ಎರಡು ಕೈ ಸೀಲರ್ ಹೊಡೆದೆ. ಅದರ ಮೇಲೆ ಒಂದು ಕೈ ವಾರ್ನಿಶ್. ಅಳಿಯಂದಿರು, "ಮಾವ, ಅವಳ ಉತ್ತರ ಬರ್ಲಿ, ಆಮೇಲೆ ಹಾಕಿದ್ರಾಯ್ತು" ಎಂದರು. "ಮರದ ವಿಷಯ ನಂಗೆ ಹೇಳ್ಕೊಡೋಕೆ ಬರ್ಬೇಡಿ" ಎಂದು ಅವರ ಬಾಯಿ ಮುಚ್ಚಿಸಿದೆ. ಬೆರಳೊತ್ತಿ ನೋಡಿದೆ, ಅಂಟಲಿಲ್ಲ. ಸೋಮವಾರ ತೊಟ್ಟಿಗೆ ಇಳಿಸಿದೆ. ಹೊಳೆಯುತ್ತಿತ್ತು ಪುಟ್ಟಿ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತಿದ್ದೆ.

ಮಂಗಳವಾರ ಮಧ್ಯಾಹ್ನ ವಾರ್ನಿಶ್ ಬೆಳ್ಳಗಾಗಿ ಸುಲಿಯತೊಡಗಿತು. ಮೇಲಿನ ಮರ ಒಣಗಿತ್ತು, ಒಳಗಿನದ್ದು ಒಣಗಿರಲಿಲ್ಲ. ನೀರಿನ ಮೇಲೆ ಎಣ್ಣೆಯಂಥ ಪದರ ಕಟ್ಟಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ವಾಸನೆ ಬಂದ ಕೂಡಲೇ ನನಗೆ ಗೊತ್ತಾಯಿತು. ಇದು ನಾನು ಯಾರಿಗೂ ಹೇಳದ ಮಾತು: ಗೊತ್ತಾದ ಮೇಲೂ ನಾನು ಬೇರನ್ನು ತೆಗೆಯಲಿಲ್ಲ. ತೆಗೆದರೆ ತಪ್ಪು ಮಾಡಿದೆ ಎಂದು ಒಪ್ಪಿಕೊಂಡ ಹಾಗೆ ಆಗುತ್ತಿತ್ತಲ್ಲ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂದು ಮೂರು ಗಂಟೆ ಹಾಗೇ ಕೂತಿದ್ದೆ.

ಸಂಜೆ ಅಳಿಯಂದಿರು ಬಾಗಿಲಲ್ಲೇ ಮೂಗಿಗೆ ಕೈಯಿಟ್ಟರು. ಚಪ್ಪಲಿ ಕೂಡ ಬಿಡದೆ ಓಡಿಬಂದು ತೋಳು ಪೂರ್ತಿ ಮುಳುಗಿಸಿ ಬೇರನ್ನು ಎಳೆದು ಹಾಕಿದರು. ಬಕೆಟ್ಟು ಹಿಡಿದು ನೀರು ತೆಗೆದರು. "ಹಿಡಿದಿಟ್ಟ ನೀರಿಲ್ಲ ಮಾವ. ನಲ್ಲಿದೇ ಹಾಕ್ತೀನಿ. ಇದ್ರಲ್ಲೇ ಬಿಟ್ರೆ ಈಗ್ಲೇ ಸಾಯ್ತವೆ" ಎಂದರು. ಅವರಿಗೆ ಕ್ಲೋರಿನ್ ವಿಷಯ ನಿನ್ನಷ್ಟೇ ಗೊತ್ತಿತ್ತು. ತಾತನನ್ನು ಒಂದು ಪಾತ್ರೆಗೆ ಹಾಕಿಕೊಂಡು ಕೈಯಿಂದ ನೀರು ಕಲಕುತ್ತಾ ಕೂತರು. ನನಗೆ ಒಂದು ಮಾತು, ಒಂದೇ ಒಂದು ಮಾತು ಅನ್ನಲಿಲ್ಲ.

ನಿನಗೆ ಬರೆದ ಕಾಗದದಲ್ಲಿ ಸುಳ್ಳು ಒಂದು ಸಾಲೂ ಇರಲಿಲ್ಲ. ಮೊದಲಿನದ್ದನ್ನು ಬಿಟ್ಟು ಕೊನೆಯದ್ದನ್ನು ಮಾತ್ರ ಬರೆದೆ. ಅದಕ್ಕಿಂತ ನಾಚಿಕೆಗೇಡಿನದ್ದು ಇನ್ನೊಂದಿದೆ. ಅವರ ಮೇಲೆ ನಿನಗೆ ಎಲ್ಲಿ ನೋವಿದೆ ಎಂದು ನನಗೆ ಗೊತ್ತಿತ್ತು, ಅಲ್ಲೇ ಒತ್ತಿದೆ. ನೀನು ಎರಡನೇ ಪ್ರಶ್ನೆ ಕೇಳದೆ ನಂಬುತ್ತೀಯ ಎಂದು ಗೊತ್ತಿತ್ತು. "ನೀವೊಬ್ಬರಾದರೂ ನಿಜ ಬರೆದಿರಿ" ಎಂಬ ನಿನ್ನ ಸಾಲು ಓದಿದ ದಿನ ನನ್ನ ಮುಖ ನಾನೇ ನೋಡಿಕೊಳ್ಳಲಾರದೆ ಗಡ್ಡ ಹೆರೆಯಲಿಲ್ಲ. ಆದರೂ ನಲ್ಲಿ ರಿಪೇರಿಯ ಕಾಗದ ಬರೆದೆ ನೋಡು, ನನ್ನಂಥ ಹೇಡಿ ಉಂಟೇ?

ನಿನ್ನೆ ನಿನ್ನ ಬಟ್ಟೆಗಳನ್ನು ಹೊರಗೆ ತೆಗೆದು ಪೆಟ್ಟಿಗೆಗೆ ತುಂಬುತ್ತಿದ್ದೆ. ಅಳಿಯಂದಿರು ಬಂದು ನೋಡಿದರು. ಸ್ಟೂಲು ಹಾಕಿ ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಇಳಿಸಿ, ಬಟ್ಟೆಯಿಂದ ಧೂಳು ಒರೆಸಿ ನನ್ನ ಮುಂದಿಟ್ಟು, "ಅದ್ರಲ್ಲಿ ಹಿಡಿಯಲ್ಲ ಮಾವ" ಎಂದರು. ಆಮೇಲೆ ನಿನ್ನ ಕಪ್ಪು ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಅವರನ್ನು ಬಿಡಬೇಡ.

ಅಪ್ಪ

ಮಾರ್ಚ್ 7

ಅಪ್ಪ,

ಸಹಿ ಹಾಕಿಲ್ಲ. ಮೇಟ್ರನ್ ಬೈದರು, ಬೈಸಿಕೊಂಡೆ.

ನಿಮ್ಮ ಮೇಲೆ ಸಿಟ್ಟಿದೆ. ಮೀನುಗಳಿಗಾಗಿ ಅಲ್ಲ. ಗೊತ್ತಿಲ್ಲದೆ ಬಳಿದಿರಿ, ಅದನ್ನು ಮರೆಯಬಲ್ಲೆ. ನನ್ನ ಗಾಯದ ಗುರುತು ಹಿಡಿದು ಅಲ್ಲಿ ಒತ್ತಿದಿರಲ್ಲ, ಅದನ್ನು ಮರೆಯಲು ಸ್ವಲ್ಪ ಸಮಯ ಕೊಡಿ. ನಿಮ್ಮನ್ನು ಜೋರಾಗಿ ಬೈಯುವ ಮುಖವೂ ನನಗಿಲ್ಲ. ಫೋನಿನಲ್ಲಿ ಅವರಿಗೆ ನಾನು ಅಂದ ಮಾತು ಇದು: "ಜೀವ ಇರೋದು ಯಾವ್ದನ್ನೂ ನಿಮ್ಮ ಕೈಗೆ ಕೊಡಬಾರ್ದು. ಎರಡು ಸಲ ನೋಡ್ಬಿಟ್ಟೆ." ಅದಕ್ಕೂ ಅವರು "ಹೌದು" ಎಂದಿದ್ದರು. ಆ ಹೌದು ಈಗ ಕಿವಿಯಿಂದ ಹೋಗುತ್ತಿಲ್ಲ ಅಪ್ಪ. ರೋಗಿಗಳ ಹಾಸಿಗೆ ಬದಲಿಸುವಾಗಲೂ ಅದೇ. ನನ್ನ ನಾಲಿಗೆಗೆ ಏನಾಗಿತ್ತು?

ಎಂಥ ದೊಡ್ಡ ಮನಸ್ಸು ನೋಡಿ ಅವರದ್ದು. ನಾನು ನಿಮ್ಮ ಮೇಲೆ ಸಿಟ್ಟಾದರೆ ಈ ವಯಸ್ಸಿನಲ್ಲಿ ನೀವೆಲ್ಲಿ ಹೋಗುತ್ತೀರಿ ಎಂದು ಎಲ್ಲ ತಮ್ಮ ತಲೆಯ ಮೇಲೆ ಹಾಕಿಕೊಂಡರು. ಆರು ವರ್ಷ ಜೊತೆಗಿದ್ದೂ ನನಗೆ ಅವರು ಗೊತ್ತಾಗಲಿಲ್ಲ.

ಈ ತಿಂಗಳ 26, ಬುಧವಾರ, ಮೂರು ದಿನ ರಜೆ ಹಾಕಿ ಬರುತ್ತಿದ್ದೇನೆ. ಬಸ್ಸು ಮೂರು ಗಂಟೆಗೆ ತಲುಪುತ್ತದೆ. ನೀವು ನಿಲ್ದಾಣಕ್ಕೆ ಬರಬೇಡಿ. ಅವರು ಬರಲಿ. ಬನ್ನಿ ಎಂದು ಕೇಳಲು ನಾಲ್ಕು ಸಲ ಫೋನ್ ಎತ್ತಿ ಇಟ್ಟೆ. ನೀವೇ ಕೇಳಿ. ಕೇಳುವ ಮೊದಲು ನನಗೆ ಹೇಳಿದ್ದನ್ನೆಲ್ಲ ಅವರ ಮುಖ ನೋಡಿ ಹೇಳಿ. ಕಾಗದದಲ್ಲಿ ಹೇಳುವುದು ಸುಲಭ.

ಪುಟ್ಟಿ

ಮಾರ್ಚ್ 16

ಪುಟ್ಟಿ,

ಹೇಳಿದೆ. ಮನೆಯಲ್ಲಿ ಹೇಳೋಣವೆಂದು ಎರಡು ದಿನ ಒದ್ದಾಡಿದೆ. ಕೊನೆಗೆ ಅಂಗಡಿಗೇ ಹೋದೆ. ನನ್ನ ದನಿ ನಿನಗೆ ಗೊತ್ತಲ್ಲ, ಮೆಲ್ಲಗೆ ಮಾತಾಡಲು ಬಾರದು. ಕನ್ನಡಕಕ್ಕೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳೂ ಎಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಬಿಡು ಎಂದು ಅನ್ನಿಸಿತು.

ನಾನು ಕಾಗದದಲ್ಲಿ ಏನು ಬರೆದಿದ್ದೆ ಎಂದು ಹೇಳುವಾಗ ಅಳಿಯಂದಿರು ಗಾಜು ಕೊರೆಯುವ ಯಂತ್ರ ನಿಲ್ಲಿಸಿದರು. "ಗೊತ್ತಿತ್ತು ಮಾವ. ಅವಳು ಕೇಳಿದ ರೀತಿಯಲ್ಲೇ ಗೊತ್ತಾಯ್ತು" ಎಂದರು. ನಾನು ಕೈ ಮುಗಿದು, "ನನ್ನ ಮಾನ ಉಳಿಸೋಕೆ ಹೌದು ಅಂದ್ರಿ. ನಿಮ್ಮಷ್ಟು ದೊಡ್ಡ ಮನಸ್ಸು ನಂಗಿಲ್ಲ" ಎಂದೆ. ನೀನು ಬರೆದದ್ದೂ ಅದೇ ಎಂದೆ.

ಅವರು ಬಹಳ ಹೊತ್ತು ಒರೆಸಿದ ಗಾಜನ್ನೇ ಒರೆಸುತ್ತಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: "ನಿಮಗೋಸ್ಕರ ಅಲ್ಲ ಮಾವ. ಹಾಗಂತ ಅವಳಿಗೆ ಹೇಳ್ಬೇಡಿ, ಸುಳ್ಳಾಗುತ್ತೆ. ನಾನೇ ಅಂದ್ರೆ ಅವಳು ನಂಬ್ತಾಳಾ ಅಂತ ನೋಡ್ದೆ. ಛೇ, ನೀವು ಹಾಗೆ ಮಾಡೋರಲ್ಲ ಅಂತ ಒಂದ್ಸಲ ಅಂತಾಳೇನೋ ಅಂತ ಕಾದೆ. ನಂಬಿಬಿಟ್ಳು."

ಈ ಮಾತನ್ನು ನಿನಗೆ ಬರೆಯದೆ ಬಿಡಬಹುದಿತ್ತು. ನಿನ್ನ ಮನಸ್ಸಿನಲ್ಲಿ ಅವರು ದೊಡ್ಡವರಾಗಿಯೇ ಇರುತ್ತಿದ್ದರು, ನೀನು ಸಂತೋಷವಾಗಿ ಬಸ್ಸು ಹತ್ತುತ್ತಿದ್ದೆ. ಬಿಟ್ಟು ಬರೆಯುವುದು ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ಇನ್ನು ಬೇಡ. ನಿನಗೆ ನೋವಾಗುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಬುಧವಾರ ಮೂರು ಗಂಟೆಯ ಬಸ್ಸು ಎಂದು ಹೇಳಿದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ. ಯಂತ್ರ ಮತ್ತೆ ಶುರು ಮಾಡಿದರು. ಇವತ್ತು ಆ ದಾರಿಯಲ್ಲಿ ಹೋದಾಗ ಅಂಗಡಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. 26ರಂದು ಮಧ್ಯಾಹ್ನ ಒಂದು ಗಂಟೆಯ ಮೇಲೆ ಅಂಗಡಿ ಇರುವುದಿಲ್ಲ ಎಂದು ಅವರ ಕೈಬರಹ. ಅಂಗಡಿಯಿಂದ ನಿಲ್ದಾಣಕ್ಕೆ ಹತ್ತೇ ನಿಮಿಷದ ದಾರಿ.

ನಾನು ಮನೆಯಲ್ಲೇ ಇರುತ್ತೇನೆ. ಅವರು ಕಾದದ್ದು ಸಾಕು ಪುಟ್ಟಿ, ಬಸ್ಸಿಳಿದ ಕೂಡಲೇ ಮೊದಲು ನೀನು ಮಾತಾಡು.

ಅಪ್ಪ